ರೆಕ್ಕೆ ಬಂದ ಕಡ್ಲೆಬೀಜ

ಮಗಳು ಸುಮಾ ರಾಗಿಯ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ ಎಂದು ಪದ್ಮಾವತಿ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಎದುರು ಮನೆಯ ಮುದ್ದಮ್ಮನಿಗೂ ಅದನ್ನೇ ಹೇಳಿದ್ದಳು, ಹೆಣ್ಣು ನೋಡಲು ಬಂದವರಿಗೂ ಅದನ್ನೇ ಹೇಳಿದ್ದಳು. ರಾಗಿ ಅಂದರೆ ಯಾರೂ ಮುಂದಕ್ಕೆ ಪ್ರಶ್ನೆ ಕೇಳುವುದಿಲ್ಲ. ಈಚೆಗಂತೂ ಸಕ್ಕರೆ ಕಾಯಿಲೆಯವರ ದಯದಿಂದ ಅದಕ್ಕೆ ದೊಡ್ಡವರ ಮನೆಗಳಿಗೂ ಪ್ರವೇಶ ಸಿಕ್ಕಿದೆ. ಈಸಲು ಹಾಗಲ್ಲ. ಮಳೆ ನಿಂತ ಸಂಜೆ ಹುತ್ತದ ಬಾಯಿಂದ ಏಳುವ ರೆಕ್ಕೆಯ ಗೆದ್ದಲು ಅದು. ದೀಪ ಇಟ್ಟು ಹಿಡಿದು, ಹುರಿದು, ಮೊರದಲ್ಲಿ ಕೇರಿ ರೆಕ್ಕೆ ಹಾರಿಸಿ, ಪುರಿ ಬೆರೆಸಿ ತಿನ್ನುತ್ತಿದ್ದದ್ದು ಅತ್ತೆಯ ಕಾಲಕ್ಕೆ, ಹಳ್ಳಿಗೆ. ಅಶೋಕಪುರಂನಲ್ಲಿ ಎರಡಂತಸ್ತಿನ ಮನೆ ಕಟ್ಟಿಸಿ, ಮಗಳನ್ನು ಡಾಕ್ಟರೇಟ್ ತನಕ ಓದಿಸಿದ ಮೇಲೆ ಮತ್ತೆ ಹುಳದ ಸುದ್ದಿ ಯಾಕೆ ಎನ್ನುವುದು ಪದ್ಮಾವತಿಯ ವಾದ. ಮಗಳು ಮಾತ್ರ ಇಷ್ಟೆಲ್ಲ ಓದಿ, ಬನ್ನಿಮಂಟಪದ ಕಡೆಯ ಒಂದು ಸಂಶೋಧನಾ ಕೇಂದ್ರ ಸೇರಿ, ಹಿಡಿದಿದ್ದು ಆ ಹುಳವನ್ನೇ.

ಗುಟ್ಟು ರಟ್ಟಾಗಿದ್ದು ಏಪ್ರಿಲ್‌ನ ಒಂದು ಭಾನುವಾರ, ಮುದ್ದೆ ಮುರಿಯುವ ಹೊತ್ತಿಗೆ. ರೈಲ್ವೆ ವರ್ಕ್‌ಶಾಪಿನಲ್ಲಿ ವೆಲ್ಡರ್ ಆಗಿದ್ದು ನಿವೃತ್ತನಾದ ಪದ್ಮಾವತಿಯ ಗಂಡ ಚಿಕ್ಕಮಾದಯ್ಯ, ಅವನ ತಾಯಿ ಪುಟ್ಟಲಿಂಗಮ್ಮ, ಮಗ ಪ್ರಸನ್ನ, ಮಗಳು ಸುಮಾ ಊಟಕ್ಕೆ ಕೂತಿದ್ದರು. ಪದ್ಮಾವತಿ ಹುರುಳಿಕಾಳಿನ ಸಾರು ಬಡಿಸುತ್ತಿದ್ದಳು. ಟೀವಿಯ ಸ್ಥಳೀಯ ಸುದ್ದಿಯಲ್ಲಿ ಸದಾಶಿವಯ್ಯನವರು ಕಾಣಿಸಿಕೊಂಡರು. ಮಾಜಿ ಮಂತ್ರಿಗಳು. ಈಗ ಸಂಶೋಧನೆಗಳಿಗೆ ಸರ್ಕಾರದ ಹಣ ಹಂಚುವ ಮಂಡಳಿಯ ಅಧ್ಯಕ್ಷರು. ವಿಜ್ಞಾನಕ್ಕೂ ಅವರಿಗೂ ಏನು ನಂಟು ಎಂದು ಯಾರೂ ಕೇಳಿರಲಿಲ್ಲ. ಮಂತ್ರಿಗಿರಿ ತಪ್ಪಿದವರನ್ನು ಎಲ್ಲಾದರೂ ಒಂದು ಕಡೆ ಕೂರಿಸಬೇಕಲ್ಲ.

"ಹುಳ ಕಣ್ರೀ, ಹುಳ!" ಸದಾಶಿವಯ್ಯನವರು ಪತ್ರಕರ್ತರ ಮುಂದೆ ನಗುತ್ತಿದ್ದರು. "ಜನರ ತೆರಿಗೆ ದುಡ್ಡಲ್ಲಿ ಹುಳ ಹುರಿಯೋ ಸಂಶೋಧನೆ ನಡೀತಾ ಇದೆ, ಇದೇ ಮೈಸೂರಲ್ಲಿ. ನಾಳೆ ಮಕ್ಕಳ ಬಿಸಿಯೂಟಕ್ಕೂ ಹಾಕ್ತಾರೆ. ಅದಕ್ಕೊಂದು ಹೆಸರು ಬೇರೆ ಇಟ್ಟವ್ರೆ, ರೆಕ್ಕೆ ಬಂದ ಕಡ್ಲೆಬೀಜ ಅಂತ! ಇಂಥವನ್ನೆಲ್ಲ ಇವತ್ತೇ ನಿಲ್ಲಿಸಿ ಅಂತ ಹೇಳಿದೀನಿ."

ಪತ್ರಕರ್ತರು ಚೆನ್ನಾಗಿ ನಕ್ಕರು. ಸುಮಾಳ ಕೈಯಲ್ಲಿದ್ದ ಮುದ್ದೆಯ ತುತ್ತು ಸಾರಿನಲ್ಲೇ ಉಳಿಯಿತು. ಖುಷಿಪಟ್ಟವಳು ಪುಟ್ಟಲಿಂಗಮ್ಮ ಒಬ್ಬಳೇ.

"ಅಯ್, ಅದು ನನ್ ಮಾತು ಕಣ್ಲಾ! ರೆಕ್ಕೆ ಬಂದ ಕಡ್ಲೆಬೀಜ ಅಂತ ನಾನೇ ಅಲ್ವಾ ಅನ್ನದು? ಟೀವೀಲಿ ಬಂದ್ಬುಡ್ತು ನೋಡು!"

"ನಿನ್ನ ಮಾತೇ ಅಜ್ಜಿ," ಎಂದಳು ಸುಮಾ. "ಈ ಮನೆ ಬಿಟ್ಟು ಇನ್ನೆಲ್ಲೂ ಯಾರೂ ಹಾಗೆ ಅನ್ನಲ್ಲ." ಹಾಗೆಂದು ಅಣ್ಣನ ಕಡೆ ತಿರುಗಿದಳು.

ಪ್ರಸನ್ನ ರಿಮೋಟು ಹುಡುಕುತ್ತಿದ್ದ. ಅವನದು ಶಾಮಿಯಾನ ಬಾಡಿಗೆ ವ್ಯಾಪಾರ. ಸದಾಶಿವಯ್ಯನವರ ಸಭೆಗಳಿಗೆ ವರ್ಷಗಟ್ಟಲೆ ಕುರ್ಚಿ ಹಾಕಿಸಿದ್ದ. ಮುಂದಿನ ಮಹಾನಗರಪಾಲಿಕೆ ಚುನಾವಣೆಗೆ ನಮ್ಮ ವಾರ್ಡಿನ ಟಿಕೆಟ್ಟು ತನಗೇ ಎಂದು ನಂಬಿಕೊಂಡಿದ್ದ.

"ತಮಾಷೆಗೆ ಹೇಳ್ದೆ ಕಣೇ. ಸಾಹೇಬ್ರು ಕೂತಿದ್ರು, ಮನೆ ಕಡೆ ಎಲ್ಲ ಹೆಂಗವ್ರೆ ಅಂತ ಕೇಳಿದ್ರು. ನಗ್ಲಿ ಅಂತ ಅಂದೆ. ಇಂಗೆ ಮಾಡ್ತಾರೆ ಅಂತ ನಂಗೇನು ಗೊತ್ತು?"

"ನಗಿಸೋಕೆ ನಿನಗೆ ಇನ್ನೇನೂ ಸಿಗಲಿಲ್ವಾ? ನಾನೇ ಬೇಕಾಗಿತ್ತಾ?"

"ನಿನ್ನ ಹೆಸರು ಹೇಳಿಲ್ವಲ್ಲ ಅವ್ರು!"

"ಹೆಸರು ಹೇಳಿದ್ರೆ ಕನಿಷ್ಠ ನಾನು ಮನುಷ್ಯಳು ಅಂತಾದ್ರೂ ಗೊತ್ತಾಗ್ತಿತ್ತು," ಎಂದು ಸುಮಾ ತಟ್ಟೆ ಎತ್ತಿಕೊಂಡು ಎದ್ದಳು. ಚಿಕ್ಕಮಾದಯ್ಯ ತಲೆ ಎತ್ತದೆ ಉಂಡ. ಪದ್ಮಾವತಿಗೆ ಒಂದೇ ಚಿಂತೆ. ಕಿಟಕಿಯಿಂದ ಎದುರು ಮನೆಯ ಕಡೆ ಇಣುಕಿದಳು. ಮುದ್ದಮ್ಮನ ಮನೆಯಲ್ಲೂ ಅದೇ ಚಾನೆಲ್ ಹಾಕಿತ್ತು.

ಮಾರನೆಯ ದಿನ ಕೇಂದ್ರದ ನಿರ್ದೇಶಕರು ಸುಮಾಳನ್ನು ಕರೆಸಿ, ಕಾಫಿ ತರಿಸಿಕೊಟ್ಟರು. ಕೆಟ್ಟ ಮನುಷ್ಯರಲ್ಲ. ನಿವೃತ್ತಿ ಹತ್ತಿರ ಬಂದಿದ್ದರಿಂದ ಎಲ್ಲಕ್ಕೂ ಹೆದರುತ್ತಿದ್ದರು.

"ಎರಡನೇ ಕಂತು ಬರಲ್ಲಮ್ಮ. ರದ್ದು ಅಂತ ಅವರು ಬರೆದ್ರೆ ಸಂಸ್ಥೆಗೆ ಕಪ್ಪುಚುಕ್ಕೆ. ಅದರ ಬದಲು ನೀವೇ ಸ್ವಂತ ಇಚ್ಛೆಯಿಂದ ಹಿಂದಕ್ಕೆ ತಗೊಂಡೆ ಅಂತ ಸಹಿ ಹಾಕಿಬಿಡಿ. ಅಧ್ಯಯನದಿಂದ ಪ್ರಯೋಜನವಿಲ್ಲ ಅಂತ ಕಂಡುಬಂತು, ಅಷ್ಟೇ ಮಾತು. ಹಾಕಿದ ದಿನವೇ ನಿಮ್ಮನ್ನ ರಾಗಿ ಬಿಸ್ಕತ್ತಿನ ಯೋಜನೆಗೆ ತಗೋತೀನಿ. ಸಂಬಳ ಒಂದು ತಿಂಗಳೂ ನಿಲ್ಲಲ್ಲ."

"ಪ್ರಯೋಜನವಿಲ್ಲ ಅಂತ ನನಗೆ ಕಂಡುಬಂದಿಲ್ವಲ್ಲ ಸರ್?"

"ಕಾಣಬೇಕಮ್ಮ. ಮಂಡಳಿಯವರಿಗೆ ಕಂಡಿದೆ."

"ಅವರು ಒಂದು ಹುಳಾನೂ ನೋಡಿಲ್ಲ."

ನಿರ್ದೇಶಕರು ನಿಟ್ಟುಸಿರು ಬಿಟ್ಟರು. ಯೋಚನೆ ಮಾಡಿ, ಆದರೆ ಸಹಿ ಹಾಕುವ ತನಕ ಲ್ಯಾಬಿಗೆ ಬರಬೇಡಿ ಎಂದರು.

ರಾತ್ರಿ ಊಟಕ್ಕೆ ಕೂತಾಗ ಸುಮಾ ಇದನ್ನೆಲ್ಲ ಹೇಳಿದಳು. ಪದ್ಮಾವತಿಯ ಮುಖ ಅರಳಿತು.

"ರಾಗಿ ಬಿಸ್ಕತ್ತಾ? ಒಳ್ಳೇದೇ ಆಯ್ತಲ್ಲಮ್ಮ! ನಾನು ಹೇಳಿದ್ದು ಸುಳ್ಳಾಗಲ್ಲ ಇನ್ನು."

"ಅಮ್ಮ, ನಿನ್ನ ಸುಳ್ಳನ್ನ ನಿಜ ಮಾಡೋಕೆ ನಾನೊಂದು ಸುಳ್ಳು ಬರೆದುಕೊಡಬೇಕಾ?"

"ಒಂದು ಸಹಿ ಕಣೇ," ಎಂದ ಪ್ರಸನ್ನ. "ಯಾರು ಓದ್ತಾರೆ ಅದನ್ನ? ನೀನು ಹಟ ಮಾಡಿದ್ರೆ ಅಲ್ಲಿ ನನ್ನ ಕಥೆ ಮುಗೀತದೆ. ಬೀದೀಲಿ ಯಾರನ್ನಾದ್ರೂ ಕೇಳು, ಹುಳ ತಿನ್ನಿ ಅಂತ ಸರ್ಕಾರ ದುಡ್ಡು ಕೊಡಬೇಕಾ ಅಂತ."

"ತಿನ್ನಿ ಅಂತ ನಾನು ಯಾವತ್ತು ಹೇಳ್ದೆ? ಜನ ತಿಂತಾ ಇದ್ದಾರೆ. ನರಸೀಪುರ, ನಂಜನಗೂಡು ಕಡೆ ಎಷ್ಟೋ ಮನೇಲಿ ಇವತ್ತೂ ತಿಂತಾರೆ. ಈಗ ಗದ್ದೆ ಬದುವಿಗೆ, ಸೈಟಿಗೆ, ಹುತ್ತಕ್ಕೆ, ಎಲ್ಲಾ ಕಡೆ ಗೆದ್ದಲು ಔಷಧಿ ಸುರೀತಾರೆ. ಹೋದ ವರ್ಷ ಒಂದೂರಲ್ಲಿ ಈಸಲು ತಿಂದ ಮಕ್ಕಳು ವಾಂತಿ ಮಾಡ್ಕೊಂಡು ಆಸ್ಪತ್ರೆ ಸೇರಿದ್ರು. ಹುಳದಿಂದಲೋ, ನೀರಿಂದಲೋ, ಯಾರಿಗೂ ಗೊತ್ತಿಲ್ಲ. ಆ ಹುಳದಲ್ಲಿ ಎಷ್ಟು ಸತ್ವ ಇದೆ, ಎಷ್ಟು ವಿಷ ಇದೆ ಅಂತ ನೋಡ್ತಿದ್ದೆ. ಅದನ್ನೇ ನಿಲ್ಲಿಸಿರೋದು."

"ನೀನು ನೋಡ್ದಿದ್ರೆ ಇನ್ಯಾರೋ ನೋಡ್ತಾರೆ."

"ಯಾರೂ ನೋಡಲ್ಲ ಅಣ್ಣ. ದೊಡ್ಡವರ ತಟ್ಟೆಗೆ ಬರೋದನ್ನ ನೋಡೋಕೆ ಸಾವಿರ ಜನ ಇದ್ದಾರೆ. ಇದು ನಮ್ಮಂಥವರ ತಟ್ಟೇದು. ನಾವೇ ನೋಡಬೇಕು."

ನಮ್ಮಂಥವರು ಎಂಬ ಮಾತು ಪದ್ಮಾವತಿಗೆ ಚುಚ್ಚಿತು. "ನಮ್ಮ ತಟ್ಟೇಲಿ ಎಲ್ಲಮ್ಮ ಹುಳ ಐತೆ? ಬೇಳೆ ಸಾರು ಐತೆ, ಮೊಟ್ಟೆ ಐತೆ. ನಿನ್ನ ಅಪ್ಪ ದುಡಿದಿದ್ದು ಯಾಕೆ ಮತ್ತೆ?"

ಸುಮಾ ಅಪ್ಪನ ಕಡೆ ನೋಡಿದಳು. ಚಿಕ್ಕಮಾದಯ್ಯ ಹುಡುಗನಾಗಿದ್ದಾಗ ಈಸಲಿಗಾಗಿ ಮಳೆ ಕಾಯುತ್ತಿದ್ದವನು ಎಂದು ಪುಟ್ಟಲಿಂಗಮ್ಮ ಸಾವಿರ ಸಲ ಹೇಳಿದ್ದಳು. ಅವನು ಮಾತ್ರ ಒಮ್ಮೆಯೂ ಅದರ ಸುದ್ದಿ ಎತ್ತಿದವನಲ್ಲ. ಈಗಲೂ ಎತ್ತಲಿಲ್ಲ.

"ರಾಗಿನೂ ಒಳ್ಳೇದೇ ಅಲ್ವೇನವ್ವ," ಎಂದಷ್ಟೇ ಹೇಳಿ ಕೈ ತೊಳೆಯಲು ಎದ್ದ. ಅಂದು ಸುಮಾಳಿಗೆ ಅಣ್ಣನಿಗಿಂತ ಅಪ್ಪನ ಮೇಲೆ ಹೆಚ್ಚು ಸಿಟ್ಟು ಬಂತು.

ಸುಮಾ ಸಹಿ ಹಾಕಲಿಲ್ಲ. ಸಂಬಳ ನಿಂತಿತು. ಬೆಳಿಗ್ಗೆ ಸ್ಕೂಟರ್ ಹತ್ತಿ ಹೋಗುತ್ತಿದ್ದವಳು ಮನೆಯಲ್ಲೇ ಕೂತರೆ ಅಮ್ಮಂದಿರು ಸುಮ್ಮನಿರುತ್ತಾರೆಯೇ? ಸೊಪ್ಪು ಸೋಸು ಎಂದಳು ಪದ್ಮಾವತಿ. ನೀರಿನ ಟ್ಯಾಂಕು ತೊಳೆಸು, ರೇಷನ್ ತಗೊಂಡು ಬಾ, ಅಜ್ಜಿಯ ಕಣ್ಣಿನ ಡಾಕ್ಟರ ಹತ್ತಿರ ಹೋಗು ಎಂದಳು. ಸುಮಾ ಎಲ್ಲವನ್ನೂ ಮಾಡಿದಳು. ಸೊಪ್ಪು ಸೋಸುತ್ತಲೇ ಫೋನಿನಲ್ಲಿ ಗೆಳತಿ ಸಿಂಚನಳ ಜೊತೆ ಮಾತಾಡುತ್ತಿದ್ದಳು. ಸಿಂಚನ ಸಿದ್ಧಾರ್ಥನಗರದಲ್ಲಿದ್ದ ಕಾಲೇಜು ಮೇಡಂ. ಈ ಮಳೆಗಾಲದ ಹುಳ ಸಿಕ್ಕರೆ ತನ್ನ ಕಾಲೇಜಿನ ಯಂತ್ರದಲ್ಲೇ ಪರೀಕ್ಷೆ ಮಾಡೋಣ, ರಜೆ ಮುಗಿಯುವ ತನಕ ಕೆಡದ ಹಾಗೆ ಇಟ್ಟಿರು ಎಂದಿದ್ದಳು. ಈಸಲು ಏಳುವುದು ವರ್ಷದಲ್ಲಿ ಕೆಲವೇ ಸಂಜೆ. ಅಷ್ಟರಲ್ಲಿ ಹಿಡಿಯದಿದ್ದರೆ ಮತ್ತೆ ಮುಂದಿನ ವರ್ಷವೇ.

"ನಮ್ಮ ಫ್ರೀಜರಿನಲ್ಲಿ ಒಂದು ಅಂಕಣ ಕೊಡಮ್ಮ," ಎಂದು ಕೇಳಿದಳು.

"ಅನ್ನ ಇಡೋ ಜಾಗದಲ್ಲಿ ಹುಳಾನಾ? ನಾನು ಸತ್ತ ಮೇಲೆ ಇಟ್ಕೊ."

ಮೇ ತಿಂಗಳ ನಡುವಿಗೆ ಪ್ರಸನ್ನ ಸಿಹಿ ತಂದ. ಸದಾಶಿವಯ್ಯನವರು ಮುಂದಿನ ಭಾನುವಾರ ಅಶೋಕಪುರಂಗೆ ಬರುತ್ತಾರೆ, ನಮ್ಮ ಮನೆಯಲ್ಲೇ ಊಟ ಮಾಡುತ್ತಾರೆ, ಟೀವಿಯವರೂ ಬರುತ್ತಾರೆ, ಊಟ ಮುಗಿದ ಮೇಲೆ ಟಿಕೆಟ್ಟಿನ ಮಾತು ಆಗುತ್ತದೆ ಎಂದ.

"ಅವ್ರನ್ನ ಈ ಮನೆಗೆ ಕರೀತೀಯಾ?" ಸುಮಾ ಸಿಹಿಯ ಪೊಟ್ಟಣವನ್ನು ಅತ್ತ ತಳ್ಳಿದಳು.

"ನಿನಗೆ ಬ್ಯಾಡಾಂದ್ರೆ ಅವತ್ತು ಸಿಂಚನಳ ಮನೆಗೆ ಹೋಗು."

"ನಾನ್ಯಾಕೆ ಹೋಗಲಿ? ಇದು ನನ್ನ ಮನೆ. ಇಲ್ಲೇ ಇರ್ತೀನಿ."

ಇಬ್ಬರೂ ಚಿಕ್ಕಮಾದಯ್ಯನ ಕಡೆ ತಿರುಗಿದರು. ಅವನು ಬಹಳ ಹೊತ್ತು ಕನ್ನಡಕ ಒರೆಸಿದ. "ಮನೆಗೆ ಬರೋರ್ನ ಬರಬೇಡಿ ಅನ್ನಕ್ಕಾಯ್ತದಾ? ಬರ್ಲಿ," ಎಂದ. ಮಗನಿಗೂ ಒಂದು ದಾರಿ ಆಗಲಿ ಎಂಬ ಆಸೆ ಅವನಿಗೂ ಇತ್ತು. ಅದನ್ನು ತಪ್ಪು ಅನ್ನಲಾರೆ.

ವಾರವಿಡೀ ಮನೆಯ ಮುಂಭಾಗಕ್ಕೆ ಸುಣ್ಣ ಬಣ್ಣ ನಡೆಯಿತು. ಮುಂಭಾಗಕ್ಕೆ ಮಾತ್ರ, ಕ್ಯಾಮೆರಾ ಹಿತ್ತಿಲಿಗೆ ಹೋಗುವುದಿಲ್ಲವಲ್ಲ. ಪದ್ಮಾವತಿ ಉತ್ಸಾಹದಿಂದ ಅಡುಗೆಯ ಲೆಕ್ಕ ಹಾಕತೊಡಗಿದಳು. ಅವರೆಕಾಳಿನ ಸಾರು ಮಾಡಲೇ, ಮಸ್ಸೊಪ್ಪು ಮಾಡಲೇ, ಕಜ್ಜಾಯ ಇರಲಿ ಎಂದೆಲ್ಲ ಕೇಳಿದಳು. ಪ್ರಸನ್ನ ತಲೆ ಕೆರೆದುಕೊಂಡ.

"ಅಮ್ಮ, ನೀನೇನೂ ಮಾಡ್ಬೇಡ. ಊಟ ಹೋಟೆಲಿಂದ ಬರ್ತದೆ. ನಮ್ಮ ಪಾತ್ರೆಗೆ ಬಗ್ಗಿಸ್ಕೊಂಡು ನೀನು ಬಡಿಸು, ಸಾಕು."

"ಯಾಕೆ? ನಾನು ಮಾಡಿದ್ದು ಏನಾಗಿದೆ?"

"ಏನೂ ಆಗಿಲ್ಲಮ್ಮ. ಅವ್ರ ಹೊಟ್ಟೆಗೆ ಒಗ್ಗಲ್ಲ. ಎಲ್ಲಾ ಕಡೆ ಅಂಗೇ ಮಾಡೋದು."

"ಅಂಗಂದ್ರೆ ಅವ್ರು ನಮ್ಮನೇಲಿ ಉಣ್ಣಲ್ಲ. ನಮ್ಮನೇಲಿ ಕೂತ್ಕೊಂಡು ಹೋಟೆಲ್ ಊಟ ಉಣ್ತಾರೆ."

ಪದ್ಮಾವತಿ ನೆನೆಸಿಡಲೆಂದು ತೆಗೆದ ಅವರೆಕಾಳನ್ನು ವಾಪಸು ಡಬ್ಬಿಗೆ ಸುರಿದಳು. ಶನಿವಾರ ಮಧ್ಯಾಹ್ನ ಮಗ ತಂದ ಐಸ್‌ಕ್ರೀಮ್ ಡಬ್ಬಗಳಿಗೆ ಫ್ರೀಜರನ್ನು ಖಾಲಿ ಮಾಡಿಕೊಡುವಾಗಲೂ ಅವಳ ತುಟಿ ಬಿಗಿದೇ ಇತ್ತು. ಸದಾಶಿವಯ್ಯನವರಿಗೆ ಊಟದ ಮೇಲೆ ಬಾದಾಮಿ ಐಸ್‌ಕ್ರೀಮ್ ಆಗಲೇಬೇಕಂತೆ.

ಅದೇ ಶನಿವಾರ ಸಂಜೆ ನಾಲ್ಕಕ್ಕೆ ಮೋಡ ಕವಿದು ಧೋ ಎಂದು ಸುರಿಯಿತು. ಮಳೆ ನಿಂತು ನೆಲ ಬಿಸಿ ಉಗುಳುವಾಗ ಪುಟ್ಟಲಿಂಗಮ್ಮ ಜಗಲಿಯಿಂದ ಕೂಗಿದಳು.

"ಸುಮಾ, ಬಾರವ್ವ! ಎದ್ವು ಕಣೇ ಈಸ್ಲು!"

ಬೀದಿಯ ತುದಿಯಲ್ಲಿ ಖಾಲಿ ಸೈಟು, ಅದರ ಮೂಲೆಯಲ್ಲಿ ಹಳೆಯ ಹುತ್ತ. ಪಕ್ಕದ ಸೈಟಿನಲ್ಲಿ ಹೊಸ ಮನೆಗೆ ಪಾಯ ತೆಗೆದಿದ್ದರು. ಹೋದ ತಿಂಗಳು ಡ್ರಮ್ಮುಗಟ್ಟಲೆ ಗೆದ್ದಲು ಔಷಧಿ ಸುರಿದದ್ದನ್ನು ಸುಮಾ ಕಣ್ಣಾರೆ ಕಂಡಿದ್ದಳು. ಸೀಸೆಗಳನ್ನು ಬುಟ್ಟಿಗೆ ಹಾಕಿಕೊಂಡು ಓಡಿದಳು. ಅಜ್ಜಿ ಹಳೆಯ ಕಂಬಳಿ, ಗಡಿಗೆ ಹಿಡಿದು ಹಿಂದೆಯೇ ಬಂದಳು. ಹುತ್ತದ ಬಾಯಿಂದ ಹುಳಗಳು ಹೊಗೆಯ ಹಾಗೆ ಏಳುತ್ತಿದ್ದವು. ಕಂಬಳಿ ಮುಚ್ಚಬೇಕು, ಒಳಗೆ ಬೆಳಕು ಹಿಡಿಯಬೇಕು, ಬೀಳುವ ಹುಳವನ್ನು ಸೀಸೆಗೆ ತುಂಬಬೇಕು. ಇದ್ದದ್ದು ನಾಲ್ಕು ಕೈ, ಅದರಲ್ಲಿ ಎರಡು ಮುದುಕಿಯದು.

"ಟಾರ್ಚು ಕೊಡಿ ಇಲ್ಲಿ," ಎಂದು ಹಿಂದಿನಿಂದ ಯಾರೋ ಅಂದರು. ತಿರುಗಿದರೆ ಚಿಕ್ಕಮಾದಯ್ಯ. ಪಂಚೆ ಎತ್ತಿ ಕಟ್ಟಿಕೊಂಡು ಕೆಸರಿನಲ್ಲಿ ನಿಂತಿದ್ದ.

"ಅಂಗಲ್ಲ ಕಣವ್ವ, ಬೆಳಕು ಕೆಳಗೆ ಹಿಡೀಬೇಕು. ಮೇಲೆ ಹಿಡಿದ್ರೆ ಎಲ್ಲಾ ಹಾರೋಯ್ತವೆ." ಮಗಳ ಮುಖ ನೋಡದೆ ಬಗ್ಗಿ ಕಂಬಳಿಯೊಳಗೆ ಕೈ ತೂರಿಸಿದ. ಸ್ವಲ್ಪ ಹೊತ್ತಿನ ಮೇಲೆ ತಾನೇ ಮಾತಾಡಿದ. "ನಾನು ವರ್ಕ್‌ಶಾಪಿಗೆ ಸೇರಿದ ಹೊಸದ್ರಲ್ಲಿ ಅವ್ವ ಡಬ್ಬೀಲಿ ಇದನ್ನ ಹಾಕಿ ಕಳ್ಸಿದ್ಲು. ಜೊತೆಯವ್ರು ನೋಡಿ ನಕ್ಬುಟ್ರು. ಡಬ್ಬಿ ಹಳಿ ಪಕ್ಕ ಸುರಿದ್ಬುಟ್ಟೆ. ಅವತ್ತಿಂದ ತಿಂದಿಲ್ಲ."

ಸುಮಾ ಸೀಸೆಯ ಮುಚ್ಚಳ ತಿರುಗಿಸುತ್ತ ನಿಂತಳು. ತಿಂಗಳಿಂದ ಕಟ್ಟಿಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ. "ಇನ್ನೊಂದು ಸೀಸೆ ಕೊಡಪ್ಪ," ಎಂದಳು.

ತುಂಬಿದ ಸೀಸೆಗಳೊಂದಿಗೆ ಮನೆಗೆ ಬಂದರೆ ಫ್ರೀಜರಿನ ತುಂಬ ಬಾದಾಮಿ ಐಸ್‌ಕ್ರೀಮ್. "ಅದನ್ನ ಮುಟ್ಟಿದ್ರೆ ನೋಡು," ಎಂದು ಪ್ರಸನ್ನ ಫ್ರಿಜ್ಜಿಗೆ ಅಡ್ಡ ನಿಂತ. ಸುಮಾ ಮುದ್ದಮ್ಮನ ಮನೆಗೆ ಹೋಗಿ, ಅವಳು ಮೀನು ಮಾರುವ ಪೆಟ್ಟಿಗೆಯ ಐಸನ್ನು ಬಕೆಟ್ಟಿಗೆ ತುಂಬಿಸಿಕೊಂಡು ಬಂದು ಸೀಸೆಗಳನ್ನು ಅದರಲ್ಲಿ ಹೂತಳು. ನಾಳೆ ಸಂಜೆಯ ತನಕ ಹೇಗೋ ತಡೆಯುತ್ತದೆ.

ಪುಟ್ಟಲಿಂಗಮ್ಮ ತನ್ನ ಗಡಿಗೆಯ ಪಾಲನ್ನು ಬೆಳಿಗ್ಗೆ ಎದ್ದವಳೇ ಹುರಿದು, ಕೇರಿ, ಪುರಿ, ಬೆಳ್ಳುಳ್ಳಿ ಹಾಕಿ ಕಲಸಿದ್ದಳು. ಮನೆಯೆಲ್ಲ ಘಮಘಮ. ಸುಮಾ ತಟ್ಟೆಗೆ ಅಡ್ಡ ಬಂದಳು.

"ತಿನ್ಬೇಡ ಅಜ್ಜಿ. ಆ ಹುತ್ತದ ಪಕ್ಕದಲ್ಲೇ ಔಷಧಿ ಹಾಕಿದಾರೆ. ಪರೀಕ್ಷೆ ಆಗದೆ ಒಂದೂ ಬಾಯಿಗೆ ಹಾಕ್ಬೇಡ."

"ಹುಟ್ಟಿದಾಗಿಂದ ತಿಂದಿವ್ನಿ ಕಣೇ!"

"ಆಗ ಔಷಧಿ ಇರಲಿಲ್ಲ."

ಮುದುಕಿ ಮುನಿಸಿಕೊಂಡಳು. ತಿನ್ನಲಿಲ್ಲ, ಆದರೆ ಬಿಸಾಡಲೂ ಇಲ್ಲ. ತಟ್ಟೆ ಮುಚ್ಚಿ ತನ್ನ ಮಂಚದ ಪಕ್ಕ ಇಟ್ಟುಕೊಂಡಳು.

ಮಧ್ಯಾಹ್ನ ಸದಾಶಿವಯ್ಯನವರು ಬಂದರು. ಗೋಡೆಯ ಮೇಲಿದ್ದ ಬುದ್ಧನಿಗೂ ಬಾಬಾಸಾಹೇಬರಿಗೂ ಕ್ಯಾಮೆರಾ ಸರಿಯಾಗಿ ಹಿಡಿದ ಮೇಲೆ ಹಾರ ಹಾಕಿದರು. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಹೋಟೆಲಿನ ಕ್ಯಾರಿಯರುಗಳು ಹಿತ್ತಿಲ ಬಾಗಿಲಿಂದ ಆಗಲೇ ಒಳಗೆ ಬಂದಿದ್ದವು. ಪದ್ಮಾವತಿ ಮದುವೆಯ ಸೀರೆ ಉಟ್ಟು ಬಡಿಸಿದಳು. ಸುಮಾ ನೀರಿನ ಚೊಂಬು ಹಿಡಿದು ಗೋಡೆಗೆ ಒರಗಿ ನಿಂತಳು. ಒಳಗೆ ಹೋಗು ಎಂದು ಪ್ರಸನ್ನ ಕಣ್ಣಲ್ಲೇ ಗದರಿದ. ಅವಳು ಕದಲಲಿಲ್ಲ.

ಎರಡು ತುತ್ತು ಆದ ಮೇಲೆ ಸದಾಶಿವಯ್ಯನವರಿಗೆ ಸಲುಗೆ ತೋರಿಸುವ ಮನಸ್ಸಾಯಿತು. ಪುಟ್ಟಲಿಂಗಮ್ಮನ ಕಡೆ ತಿರುಗಿದರು.

"ಅಜ್ಜಿ, ರೆಕ್ಕೆ ಬಂದ ಕಡ್ಲೆಬೀಜ ಅಂತೀರಂತಲ್ಲ, ನೀವೇನಾ ಅದು? ಪ್ರಸನ್ನ ಹೇಳ್ತಿದ್ದ."

"ನಾನೇ ಕಣಪ್ಪ. ಇರು, ತತ್ತೀನಿ."

ಪ್ರಸನ್ನ ತಡೆಯುವ ಮೊದಲೇ ಮುದುಕಿ ತಟ್ಟೆ ತಂದು ಎಲೆಯ ಮುಂದೆ ಇಟ್ಟುಬಿಟ್ಟಳು. ಕ್ಯಾಮೆರಾಗಳೆಲ್ಲ ತಟ್ಟೆಯ ಕಡೆ ಬಗ್ಗಿದವು. ಸದಾಶಿವಯ್ಯನವರು ಹಳೆಯ ಹುಲಿ, ಕ್ಯಾಮೆರಾ ಇರುವ ಕಡೆ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹೋದ ತಿಂಗಳು ನಕ್ಕದ್ದನ್ನು ಒಂದೇ ತುತ್ತಿಗೆ ಅಳಿಸಿಹಾಕಬಹುದು.

"ಬಡವರ ಮನೆಯದ್ದು ನನಗೂ ಪ್ರಸಾದವೇ," ಎಂದು ಹಿಡಿ ತುಂಬ ಎತ್ತಿಕೊಂಡರು.

ಸುಮಾ ಚೊಂಬು ಕೆಳಗಿಟ್ಟು ಬಂದು ಅವರ ಮುಂಗೈ ಹಿಡಿದುಕೊಂಡಳು.

"ತಿನ್ಬೇಡಿ ಸರ್."

ಸದಾಶಿವಯ್ಯನವರು ಹಲ್ಲು ಕಿರಿದರು. "ಯಾಕಮ್ಮ? ಮನೆಗೆ ಕರೆದು ವಿಷ ಹಾಕ್ತೀರಾ?"

"ವಿಷ ಇದೆಯೋ ಇಲ್ವೋ ನನಗೆ ಗೊತ್ತಿಲ್ಲ ಸರ್. ಗೊತ್ತು ಮಾಡ್ಕೊಳ್ಳೋಕೆ ಒಂದು ಸಂಶೋಧನೆ ಇತ್ತು. ಅದು ನಂದೇ. ನೀವು ನಗಾಡಿ ನಿಲ್ಲಿಸಿದ್ರಿ. ಈಗ ಪ್ರಯೋಜನವಿಲ್ಲ ಅಂತ ನನ್ನ ಕೈಲೇ ಬರೆಸ್ಕೋತಾ ಇದಾರೆ."

ಸದಾಶಿವಯ್ಯನವರು ಹಿಡಿಯಲ್ಲಿದ್ದದ್ದನ್ನು ನೋಡಿದರು, ಕ್ಯಾಮೆರಾ ನೋಡಿದರು. ಮೆಲ್ಲಗೆ ಕೈ ಸಡಿಲಿಸಿದರು. ಪುರಿ, ಹುಳ ಎಲ್ಲ ತಟ್ಟೆಗೆ ಉದುರಿದವು.

"ಇದು ಊಟದ ಜಾಗ. ರಾಜಕೀಯ ಬೇಡ," ಎಂದರು.

ಆಗ ಬಾಗಿಲ ಬಳಿ ನಿಂತಿದ್ದ ಚಿಕ್ಕಮಾದಯ್ಯ ಮುಂದೆ ಬಂದ. ಅವನು ಜೋರಾಗಿ ಮಾತಾಡುವವನಲ್ಲ. ಅಂದೂ ಜೋರು ಮಾಡಲಿಲ್ಲ.

"ಸ್ವಾಮಿ, ನೀವು ಬಾಯಿಗೆ ಹಾಕೋ ಮುಂಚೆ ಕೈ ಹಿಡಿಯಕ್ಕೆ ನನ್ನ ಮಗಳು ಇದ್ಲು. ನಮ್ಮ ಊರುಗಳ ಮಕ್ಕಳು ತಿನ್ನೋವಾಗ ಯಾರು ಹಿಡೀತಾರೆ? ಅದನ್ನೊಂದು ಹೇಳ್ಬುಟ್ಟು ಊಟ ಮುಂದುವರ್ಸಿ."

ಸದಾಶಿವಯ್ಯನವರು ನೀರಿನ ಲೋಟ ಎತ್ತಿಕೊಂಡರು. ಮೈಕು ಹಿಡಿದಿದ್ದ ಹುಡುಗಿಯೊಬ್ಬಳು ವಾತಾವರಣ ತಿಳಿಗೊಳಿಸಲೆಂದೋ ಏನೋ ಪದ್ಮಾವತಿಯನ್ನು ಕೇಳಿದಳು. "ಅಮ್ಮ, ಅಡುಗೆ ತುಂಬಾ ಚೆನ್ನಾಗಿ ಕಾಣ್ತಿದೆ. ನೀವೇ ಮಾಡಿದ್ದಾ?"

ಹೂಂ ಅನ್ನು ಎಂದು ಪ್ರಸನ್ನ ಕೈ ಸನ್ನೆ ಮಾಡಿದ. ಪದ್ಮಾವತಿ ಮಗನನ್ನು ನೋಡಿದಳು, ಕೈಯಲ್ಲಿದ್ದ ಸೌಟು ನೋಡಿದಳು.

"ಇಲ್ಲ ಕಣವ್ವ. ಇದು ಹೋಟೆಲಿಂದು. ಬ್ಯಾಡ ಅಂದ್ರೂ ನಾನು ಮಾಡಿದ ಸಾರು ಒಲೆ ಮೇಲೈತೆ. ಯಾರಿಗೂ ಬೇಕಾಗ್ಲಿಲ್ಲ."

ಬೇರೆ ಕಾರ್ಯಕ್ರಮ ಇದೆ ಎಂದು ಸದಾಶಿವಯ್ಯನವರು ಎದ್ದರು. ಕಾರುಗಳು ಬೀದಿಯಿಂದ ಹಿಂದಕ್ಕೆ ಹೋಗಲು ಪರದಾಡಿದವು. ಪ್ರಸನ್ನ ಕಾರಿನ ಹಿಂದೆ ಸ್ವಲ್ಪ ದೂರ ನಡೆದು, ನಿಂತು, ವಾಪಸು ಬಂದ.

"ಮುಗೀತು! ಎಲ್ಲಾ ಸೇರಿ ನನ್ನ ಜೀವನ ಹಾಳು ಮಾಡಿದ್ರಿ!"

"ಜೀವನ ಅಲ್ಲ ಕಣೋ, ಟಿಕೆಟ್ಟು," ಎಂದ ಚಿಕ್ಕಮಾದಯ್ಯ. "ಕೈ ತೊಳ್ಕೊ. ನಿಮ್ಮಮ್ಮನ ಸಾರು ಐತೆ."

ಪ್ರಸನ್ನ ಉಣ್ಣದೆ ಬಾಗಿಲು ಎಳೆದುಕೊಂಡು ಹೋದ. ಪದ್ಮಾವತಿ ಸೆರಗು ಸಿಕ್ಕಿಸಿ ಸೀದಾ ಫ್ರಿಜ್ಜಿನ ಹತ್ತಿರ ಹೋದಳು. ಐಸ್‌ಕ್ರೀಮ್ ಡಬ್ಬಗಳನ್ನೆಲ್ಲ ಹೊರಗೆ ತೆಗೆದು ಜಗಲಿಗೆ ತಂದಿಟ್ಟು ಬೀದಿಯ ಮಕ್ಕಳನ್ನು ಕೂಗಿದಳು. ಸದಾಶಿವಯ್ಯನವರ ಬಾದಾಮಿ ಐಸ್‌ಕ್ರೀಮು ಮೂಗಿಗೆಲ್ಲ ಮೆತ್ತಿಕೊಂಡ ಮಕ್ಕಳ ಪಾಲಾಯಿತು. ಆಮೇಲೆ ಫ್ರೀಜರನ್ನು ಒದ್ದೆ ಬಟ್ಟೆಯಿಂದ ಒರೆಸಿ ಮಗಳನ್ನು ಕರೆದಳು.

"ತಗೊಂಡ್ಬಾ ನಿನ್ನ ಸೀಸೆ. ಮುಚ್ಚಳ ಬಿಗಿಯಾಗಿರ್ಲಿ. ಹಿಟ್ಟಿನ ಪಾತ್ರೆಗೆ ತಾಕಿದ್ರೆ ನೋಡು."

ಅಂದಿನ ಮಾತುಕತೆ ಟೀವಿಯಲ್ಲಿ ಎರಡು ದಿನ ಓಡಿತು. ಮಂಡಳಿಯವರು ಯೋಜನೆಯನ್ನು ನಿಲ್ಲಿಸಿಲ್ಲ, ಮರುಪರಿಶೀಲಿಸುತ್ತಿದ್ದೇವೆ ಎಂದರು. ಹಣ ಬರಲಿಲ್ಲ. ವಾರ್ಡಿನ ಟಿಕೆಟ್ಟು ಇನ್ಯಾರಿಗೋ ಎಂದು ಗೊತ್ತಾಯಿತು. ಪ್ರಸನ್ನ ಮನೆಯಲ್ಲಿ ಉಣ್ಣತೊಡಗಿದ, ಆದರೆ ತಂಗಿಯ ಜೊತೆ ಮಾತು ಬಿಟ್ಟ. ಸುಮಾಳೂ ಅವನನ್ನು ಮಾತಾಡಿಸಲಿಲ್ಲ. ತಪ್ಪಾಯ್ತು ಎಂಬ ಒಂದು ಮಾತು ಅವನಿಂದ ಬಾಕಿ ಇತ್ತು, ಅದು ಬರುವ ತನಕ ತಾನು ಸೋಲಬಾರದು ಎಂದು ಅವಳ ಹಟ. ಮುದ್ದಮ್ಮ ಒಂದು ದಿನ ಕಾಂಪೌಂಡಿನ ಆಚೆಯಿಂದ ಕೆಣಕಿದಳು.

"ಏನ್ ಪದ್ಮಕ್ಕ, ರಾಗಿ ಅಂತಿದ್ದೆ?"

"ಹುಳ ಕಣೇ. ಈಸಲು. ನಮ್ಮ ಫ್ರೀಜರಲ್ಲೈತೆ, ಬಂದು ನೋಡು. ಐಸ್ ಕೊಟ್ಟೋಳಿಗೆ ಅಷ್ಟೂ ಗೊತ್ತಾಗ್ಲಿಲ್ವಾ?"

ಜೂನ್ ಮೊದಲ ವಾರ ಮತ್ತೆ ಸಂಜೆಯ ಮಳೆ. ಅಪ್ಪ, ಮಗಳು, ಅಜ್ಜಿ ಕಂಬಳಿ ತಗೊಂಡು ಸೈಟಿಗೆ ಓಡಿದರು. ಪ್ರಸನ್ನ ಟೀವಿ ಮುಂದೆ ಕೂತಿದ್ದವನು ಸ್ವಲ್ಪ ಹೊತ್ತು ಚಡಪಡಿಸಿದ. ಆಮೇಲೆ ಯಾರಿಗೂ ಹೇಳದೆ ಶಾಮಿಯಾನದ ದೊಡ್ಡ ಲೈಟೊಂದನ್ನು ಹೆಗಲಿಗೆ ಹಾಕಿಕೊಂಡು ಹೊರಟ. ಪದ್ಮಾವತಿ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ಮೇಜಿನ ಮೇಲೆ ಸುಮಾ ಬಿಟ್ಟುಹೋಗಿದ್ದ ಫೋನು ಬಡಿದುಕೊಳ್ಳತೊಡಗಿತು. ಹಿಟ್ಟಾದ ಕೈಯಲ್ಲೇ ಎತ್ತಿಕೊಂಡಳು.

"ನಮಸ್ಕಾರಮ್ಮ, ನಾನು ಕೇಂದ್ರದ ನಿರ್ದೇಶಕ. ಸುಮಾ ಇಲ್ವಾ? ಆ ಕಾಗದಕ್ಕೆ ಸಹಿ ಹಾಕೋಕೆ ನಾಳೆ ಕೊನೆ ದಿನ. ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ. ರಾಗಿ ಯೋಜನೆ ಇನ್ನೂ ಹಾಗೇ ಇದೆ."

ಪದ್ಮಾವತಿ ಫೋನನ್ನು ಕೆನ್ನೆ, ಭುಜದ ನಡುವೆ ಸಿಕ್ಕಿಸಿಕೊಂಡು ಮುದ್ದೆ ಕೋಲು ಹಿಡಿದಳು.

"ರಾಗಿ ನಮ್ಮನೇಲಿ ಬೇಕಾದಷ್ಟೈತೆ ಸಾರ್, ಈಗ ಅದನ್ನೇ ತಿರುವ್ತಾ ಇವ್ನಿ. ಸಹಿ ಹಾಕಲ್ಲ ನನ್ನ ಮಗಳು. ಈಸಲು ಹಿಡಿಯಕ್ಕೆ ಹೋಗವ್ಳೆ, ಆಮೇಲೆ ಫೋನ್ ಮಾಡಿ."